ಹಲ್ಲಿಲ್ಲದ ಗೇರು

ನನಗೆ ಜಂಬ ಜಾಸ್ತಿ ಅಂತ ನಮ್ಮ ಮನೆಯವರಿಂದ ಹಿಡಿದು ಸೊಪ್ಪಿನವಳವರೆಗೆ ಎಲ್ಲರೂ ಹೇಳುತ್ತಾರೆ. ಹೌದು, ಇದೆ. ಯಾಕೆ ಇರಬಾರದು? ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಗೇರು ಕತ್ತರಿಸಿದವಳು ನಾನು. ಉಕ್ಕಿನ ಬಿಲ್ಲೆಯನ್ನು ಮಷಿನ್ನಿಗೆ ಕಟ್ಟಿ, ಕಟರ್ ಇಳಿಸಿ, ಸುತ್ತ ಹಲ್ಲು ಮೂಡಿಸುವುದು ನನ್ನ ಕೆಲಸ. ಶೆಡ್ಡಿಗೆ ಸೇರಿದ ಮೊದಲ ವಾರ ಅಲ್ಲಿನ ಮೇಸ್ತ್ರಿ ನನ್ನನ್ನು ನೋಡಿ, "ಈ ಹುಡ್ಗಿ ದೀಪಾವಳಿವರೆಗೂ ಇರಲ್ಲ ಬಿಡ್ರೋ" ಅಂದಿದ್ದರು. ಹತ್ತು ವರ್ಷ ಆದಮೇಲೆ ಅದೇ ಮೇಸ್ತ್ರಿ, ಅಳತೆ ಗಟ್ಟಿ ಇರಬೇಕಾದ ಕೆಲಸ ಬಂದರೆ ಬೇರೆ ಯಾರಿಗೂ ಕೊಡುತ್ತಿರಲಿಲ್ಲ.

ಒಂದೇ ಒಂದು ಕೊರಗಿತ್ತು. ನಾನು ಕತ್ತರಿಸಿದ ಗೇರುಗಳಿಗೆ ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ, ಡಬ್ಬಕ್ಕೆ ತುಂಬಿ ಟೆಂಪೋದಲ್ಲಿ ಕಳಿಸುತ್ತಿದ್ದರು. ಆಮೇಲೆ ಯಾವ ಊರಿನ ಯಾವ ಮಷಿನ್ನಿನ ಹೊಟ್ಟೆಯೊಳಗೆ ಕೂತು ತಿರುಗಿದವೋ ದೇವರಿಗೇ ಗೊತ್ತು. ಒಂದಾದರೂ ಕೆಲಸ ಮಾಡುವುದನ್ನು ನಾನು ನೋಡಲಿಲ್ಲ. ಅಡುಗೆ ಮಾಡಿದವಳು ಊಟ ಮಾಡುವವರ ಮುಖವನ್ನೇ ನೋಡದೆ ಇದ್ದ ಹಾಗೆ.

ಶೆಡ್ಡು ಮುಚ್ಚಿದ ದಿನ ಒಬ್ಬೊಬ್ಬರು ಒಂದೊಂದು ಸಾಮಾನು ನೆನಪಿಗೆ ಅಂತ ತೆಗೆದುಕೊಂಡರು. ನಾನು ಅಟ್ಟದ ಮೇಲಿದ್ದ ಒಂದು ಸೈಕಲ್ ಹಬ್ ತಂದೆ. ಹಬ್ ಅಂದರೆ ಚಕ್ರದ ನಡುವಿನ ಗುಂಬ. ಇದು ತೆಂಗಿನಕಾಯಿ ಗಾತ್ರ ಇತ್ತು, ಕೈಗೆತ್ತಿಕೊಂಡರೆ ಭಾರ. ವರ್ಷಗಳ ಹಿಂದೆ ಯಾರೋ ಒಬ್ಬರು ಅದನ್ನು ಹೊರದೇಶದಿಂದ ತಂದು, "ಇಂಥದ್ದು ಮಾಡಿಕೊಡ್ತೀರಾ?" ಅಂತ ಕೇಳಿ ಬಿಟ್ಟುಹೋಗಿದ್ದರು. ಅದರ ಜೊತೆ ಬಂದ ಕಾಗದಗಳನ್ನೆಲ್ಲ ಮೇಸ್ತ್ರಿ ಓದಿ, "ಇದು ನಮ್ಮ ಕೈಲಾಗದ್ದು" ಅಂತ ಹೇಳಿಬಿಟ್ಟರು. ಆ ಮನುಷ್ಯ ಮತ್ತೆ ಬರಲೇ ಇಲ್ಲ. ಅತ್ತಿಗುಪ್ಪೆಯ ನಮ್ಮ ಮನೆಯ ಮೆಟ್ಟಿಲ ಕೆಳಗೆ ಅದು ನಾಲ್ಕು ವರ್ಷ ಧೂಳು ತಿಂದುಕೊಂಡು ಕೂತಿತ್ತು.

ಇನ್ನು ರೊಟ್ಟಿ ಆಂಟಿಯ ವಿಷಯ. ಬೀದಿಗೆಲ್ಲ ಆಕೆ ರೊಟ್ಟಿ ಆಂಟಿ, ನಾನು ಮಾತ್ರ "ಏನೇ" ಅಂತಲೇ ಕರೆಯುವುದು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವಳು. ಬಾಗಲಕೋಟೆ ಕಡೆಯವಳು, ನಮ್ಮ ಪಕ್ಕದ ಕಟ್ಟಡದ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ಬೆಳಗ್ಗೆ ಬೇಗ ಎದ್ದು ಜೋಳದ ರೊಟ್ಟಿ ಬಡಿದು, ಕಪ್ಪು ಲೇಡೀಸ್ ಸೈಕಲ್ಲಿನ ಕ್ಯಾರಿಯರ್‌ಗೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ವಿಜಯನಗರದ ಮನೆಮನೆಗೆ ಕೊಟ್ಟುಬರುತ್ತಾಳೆ. ಅದಕ್ಕೆ ಮುಂಚೆ ಏಳು ವರ್ಷ ಒಂದು ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದಳು. ಅಲ್ಲಿನ ಯಜಮಾನನಿಗೆ ಬಾಯಿ ಅಂದರೆ ಬಾಯಿ. ಉಪ್ಪು ಒಂದು ಕಲ್ಲು ಹೆಚ್ಚಾದರೆ ಊಟಕ್ಕೆ ಕೂತವರ ಎದುರೇ ಬೈಯುತ್ತಿದ್ದ. ಅದನ್ನು ಬಿಟ್ಟು ಸ್ವಂತದ್ದು ಶುರು ಮಾಡಿದಾಗಿನಿಂದ ಆಕೆ ನಡೆಯುವ ರೀತಿಯೇ ಬೇರೆಯಾಗಿತ್ತು.

ಆದರೆ ನಮ್ಮ ರಸ್ತೆ ಮುಗಿದ ತಕ್ಷಣ ವಿಜಯನಗರದ ಕಡೆಗೆ ಒಂದು ಏರು ಇದೆ. ಅರ್ಧಕ್ಕಿಂತ ಹೆಚ್ಚು ಮನೆಗಳು ಆ ಏರಿನ ಮೇಲೋ ಅದರ ಆಚೆಗೋ ಇದ್ದವು. ಪೆಟ್ಟಿಗೆ ಕಟ್ಟಿದ ಸೈಕಲ್ಲನ್ನು ತುಳಿಯಲಾರದೆ ತಳ್ಳಿ ತಳ್ಳಿ ಆಕೆಯ ಬಲಗಾಲಿನ ಮಂಡಿ ಊದಿಕೊಂಡಿತು. ಡಾಕ್ಟರು, "ಹಗುರವಾಗಿ ಸೈಕಲ್ ತುಳಿದರೆ ಒಳ್ಳೇದೇ. ಭಾರ ತಳ್ಳೋದು, ಎದ್ದು ನಿಂತು ತುಳಿಯೋದು ಮಾತ್ರ ಕೂಡದು" ಅಂದರಂತೆ. ಒಂದು ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತು ಹೇಳಿದಳು:

"ಅಕ್ಕಾರ, ಏರಿನ ಮ್ಯಾಲಿನ ಮನಿ ಬಿಟ್ರ ರೊಟ್ಟಿ ಧಂದೇನ ಉಳಿಯಂಗಿಲ್ಲ. ಮೆಸ್ಸಿನವ ಮತ್ತ ಕರ್ಯಾಕತ್ಯಾನ. ಬರೂ ತಿಂಗಳ ಮೊದಲನೇ ಸೋಮವಾರಕ್ಕ ಹೇಳ್ತೀನಿ ಅಂದೀನ್ರಿ. ಮತ್ತ ಅವನ ಒಲಿ ಮುಂದ ನಿಂದ್ರಬೇಕ ನೋಡ್ರಿ."

ಅಷ್ಟು ಹೇಳಿ ಬಿಸಿನೀರಿನ ಚೀಲವನ್ನು ಮಂಡಿಯ ಇನ್ನೊಂದು ಮಗ್ಗುಲಿಗೆ ಸರಿಸಿಕೊಂಡಳು.

ಗೇರಿನ ಸೈಕಲ್ ನೋಡಿಯಾಗಿತ್ತು. ಕೆಳಗಿನ ಮನೆಯ ಕಾಲೇಜು ಹುಡುಗಿಯದನ್ನು ರೊಟ್ಟಿ ಆಂಟಿ ಒಂದು ದಿನ ತೆಗೆದುಕೊಂಡು ಹೋಗಿದ್ದಳು. ತೊಂದರೆ ಎಲ್ಲಿ ಅಂದರೆ, ಆ ಗೇರು ಬದಲಾಗಬೇಕಾದರೆ ಪೆಡಲ್ ತಿರುಗುತ್ತಲೇ ಇರಬೇಕು. ಈಕೆ ಏರಿನ ಮಧ್ಯದಲ್ಲೇ ಗೇಟಿನ ಎದುರು ಗಕ್ಕನೆ ನಿಲ್ಲುವವಳು. ನಿಂತಮೇಲೆ ಗೇರು ಗಟ್ಟಿಯದೇ ಉಳಿದುಬಿಡುತ್ತದೆ, ಮತ್ತೆ ಹೊರಡಬೇಕಾದರೆ ಚೈನು ಕಟಕಟ ಅನ್ನುತ್ತದೆ, ಮಂಡಿ ಅದಕ್ಕಿಂತ ಜೋರಾಗಿ ಅನ್ನುತ್ತದೆ. ಬ್ಯಾಟರಿ ಗಾಡಿ ತಗೊಳ್ಳೇ ಅಂದರೆ ಚಾರ್ಜಿಗೆ ಮೂರನೇ ಮಹಡಿಯಿಂದ ವೈರು ಇಳಿಬಿಡಲು ಓನರ್ ಒಪ್ಪಲಿಲ್ಲ.

ಆಗ ನನಗೆ ಮೆಟ್ಟಿಲ ಕೆಳಗಿನ ಹಬ್ ನೆನಪಾಯಿತು. ನಿಂತಲ್ಲೇ ಗೇರು ಬದಲಾಯಿಸಬಹುದು ಅಂತ ಮೇಸ್ತ್ರಿ ಆಗ ಹೇಳಿದ್ದೂ ನೆನಪಾಯಿತು. "ಏನೇ, ನಿನ್ನ ಸೈಕಲ್ ತಂದು ಇಲ್ಲಿ ನಿಲ್ಸು. ಸೋಮವಾರದೊಳಗೆ ಆ ಏರನ್ನ ನಿನ್ನ ಕೈಲಿ ಕೂತ್ಕೊಂಡೇ ಹತ್ತಿಸ್ಲಿಲ್ಲ ಅಂದ್ರೆ ಕೇಳು" ಅಂದೆ. ಜಂಬ ಅಂದೆನಲ್ಲ, ಇದೇ.

ಆ ಹಬ್‌ನ ಒಳಗಿನ ಕರಾಮತ್ತು ಹೇಳಿಬಿಡುತ್ತೇನೆ, ಕಷ್ಟದ್ದೇನಲ್ಲ. ಮಾಮೂಲಿ ಗೇರಿನಲ್ಲಿ ಹಲ್ಲಿಗೆ ಹಲ್ಲು ಕೂತು ತಿರುಗಿಸುತ್ತದೆ. ಇಪ್ಪತ್ತು ಹಲ್ಲು, ಇಪ್ಪತ್ತೊಂದು ಹಲ್ಲು. ಇಪ್ಪತ್ತೂವರೆ ಹಲ್ಲಿನ ಗೇರನ್ನು ಬ್ರಹ್ಮ ಬಂದರೂ ಕತ್ತರಿಸಲಾರ. ಅದಕ್ಕೇ ಒಂದನೇ ಗೇರು, ಎರಡನೇ ಗೇರು ಅಂತ ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ಈ ಹಬ್‌ನಲ್ಲಿ ಮೆಟ್ಟಿಲೇ ಇಲ್ಲ. ಒಳಗೆ ಸುತ್ತಲೂ ಕೂತ ಎಂಟು ಉಕ್ಕಿನ ಗುಂಡುಗಳು, ಒಂದೊಂದರ ಮಧ್ಯೆಯೂ ತೂರಿಸಿದ ಒಂದು ಕಡ್ಡಿ, ಗುಂಡುಗಳ ಎಡಕ್ಕೂ ಬಲಕ್ಕೂ ಒಂದೊಂದು ತಟ್ಟೆ. ಪೆಡಲ್ ತುಳಿದರೆ ಒಂದು ತಟ್ಟೆ ತಿರುಗಿ ಗುಂಡುಗಳನ್ನು ಉರುಳಿಸುತ್ತದೆ, ಗುಂಡುಗಳು ಇನ್ನೊಂದು ತಟ್ಟೆಯನ್ನು ತಿರುಗಿಸುತ್ತವೆ, ಆ ತಟ್ಟೆ ಚಕ್ರವನ್ನು ತಿರುಗಿಸುತ್ತದೆ. ಎಲ್ಲೂ ಒಂದು ಹಲ್ಲಿಲ್ಲ.

ಇದನ್ನು ಹೇಳಲು ಹೋಗಿ ನಾನು ಪೆನ್ಸಿಲ್ಲು ಕಾಗದ ಹುಡುಕುತ್ತಿದ್ದರೆ ಆಕೆ ತನ್ನ ಬೋಗುಣಿಯಿಂದ ಒಂದು ಹಿಟ್ಟಿನ ಉಂಡೆ ತೆಗೆದು ಅದಕ್ಕೆ ಪೊರಕೆ ಕಡ್ಡಿ ಚುಚ್ಚಿ, "ಹಿಂಗ ಏನ್ರಿ?" ಅಂದಳು. ಹಂಗೇ. ಕಡ್ಡಿ ನೆಟ್ಟಗಿದ್ದರೆ ಎರಡು ತಟ್ಟೆಯೂ ಉಂಡೆಗೆ ಒಂದೇ ಸಮನಾಗಿ ತಾಗುತ್ತವೆ. ಕಡ್ಡಿ ವಾಲಿಸಿದರೆ ಪೆಡಲಿನ ಕಡೆಯ ತಟ್ಟೆ ಉಂಡೆಯ ಹೊಟ್ಟೆಗೆ ತಾಗುತ್ತದೆ, ಚಕ್ರದ ಕಡೆಯದು ನೆತ್ತಿಯ ಹತ್ತಿರ. ಹೊಟ್ಟೆಯ ಸುತ್ತು ದೊಡ್ಡದು, ನೆತ್ತಿಯ ಸುತ್ತು ಚಿಕ್ಕದು. ಚಕ್ರ ನಿಧಾನವಾಗುತ್ತದೆ, ಕಾಲಿಗೆ ಹಗುರವಾಗುತ್ತದೆ, ಏರು ಹತ್ತಬಹುದು. ಆಚೆ ಕಡೆಗೆ ವಾಲಿಸಿದರೆ ವೇಗ. ಒಂದು ಕೂದಲಷ್ಟು ವಾಲಿಸಿದರೆ ಒಂದು ಕೂದಲಷ್ಟೇ ಬದಲಾವಣೆ. ವಾಲಿಸುವುದಕ್ಕೆ ಹ್ಯಾಂಡಲ್ಲಿನಲ್ಲಿ ತಿರುಗಿಸುವ ಒಂದು ಹಿಡಿ. ಅದರಲ್ಲಿ ನಂಬರು ಇಲ್ಲ, ಪುಟ್ಟ ಕಿಟಕಿಯಲ್ಲಿ ಒಂದು ಗೆರೆ ಇದೆ. ತಿರುಗಿಸಿದರೆ ಆ ಗೆರೆ ಮೇಲಕ್ಕೆದ್ದು ಗುಡ್ಡದ ಹಾಗೆ ಬಾಗುತ್ತದೆ. "ಇದು ಚಲೋ ಐತ್ರಿ, ಓದಾಕ ಬರಲಿಲ್ಲಂದ್ರೂ ತಿಳಿತೈತಿ" ಅಂದಳು ರೊಟ್ಟಿ ಆಂಟಿ.

ಮೂವತ್ತೊಂದು ವರ್ಷ ಹಲ್ಲು ಕತ್ತರಿಸಿದವಳಿಗೆ ಹಲ್ಲೇ ಇಲ್ಲದ ಗೇರು ಕಂಡರೆ ಸಿಟ್ಟು ಬರಬೇಕು. ನನಗೆ ಮಾತ್ರ ಅದನ್ನು ಬಿಚ್ಚಿ ನೋಡುವ ಆಸೆ ತಡೆಯಲಾಗಲಿಲ್ಲ.

ಬಿಚ್ಚಿದೆ. ಎಲ್ಲಾ ಕೆಲಸ ಶಾಸ್ತ್ರೋಕ್ತ. ಒಳಗಿದ್ದ ಎಣ್ಣೆಯನ್ನು ನಿಂಬೆಕಾಯಿ ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಬಸಿದು, ಅಯಸ್ಕಾಂತ ಇಳಿಬಿಟ್ಟು ಉಕ್ಕಿನ ಚೂರು ಇದೆಯಾ ನೋಡಿದೆ, ಇರಲಿಲ್ಲ. ಬಾಟಲಿಗೆ ಚೀಟಿ ಅಂಟಿಸಿ "ಹಬ್, ಹಳೇ ಎಣ್ಣೆ" ಅಂತ ಬರೆದು ಕಿಟಕಿಯ ಮೇಲಿಟ್ಟೆ. ಅದು ನಮ್ಮ ಶೆಡ್ಡಿನ ಕಾನೂನು: ರಿಪೇರಿಯಾದ ಮಷಿನ್ನು ಎಂಟು ದಿನ ಓಡುವವರೆಗೆ ಹಳೇ ಎಣ್ಣೆ ಚೆಲ್ಲುವ ಹಾಗಿಲ್ಲ. ಏನಾದರೂ ಕೆಟ್ಟರೆ ಕಾರಣ ಆ ಎಣ್ಣೆಯಲ್ಲೇ ಇರುತ್ತದೆ ಅನ್ನುತ್ತಿದ್ದರು ಮೇಸ್ತ್ರಿ. ಆಮೇಲೆ ಗುಂಡು ತಟ್ಟೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ನನ್ನ ಹತ್ತಿರ ಉಳಿದಿದ್ದ ಅತ್ಯುತ್ತಮ ಸ್ಪಿಂಡಲ್ ಆಯಿಲ್ ಹಾಕಿದೆ. ನೀರಿನ ಹಾಗೆ ತಿಳಿ, ರೇಷ್ಮೆಯ ಹಾಗೆ ನುಣುಪು. ಮಷಿನ್ನಿನ ಪ್ರಾಣ ಇರುವುದೇ ಎಣ್ಣೆಯಲ್ಲಿ ಅಂತ ಕಲಿತವರು ನಾವು.

ಚೈನು ಕೂರುವ ಹಲ್ಲಿನ ಚಕ್ರ ಮಾತ್ರ ಆ ಹಬ್‌ಗೆ ಇರಲಿಲ್ಲ. ಕಾಮಾಕ್ಷಿಪಾಳ್ಯದಲ್ಲಿ ಪರಿಚಯದವರ ಶೆಡ್ಡಿಗೆ ಹೋಗಿ, ಅವರ ಮಷಿನ್ನು ಒಂದು ಗಂಟೆ ಕೇಳಿ ಪಡೆದು ನಾನೇ ಕತ್ತರಿಸಿದೆ. ಇಪ್ಪತ್ತು ಹಲ್ಲು. ಅಲ್ಲಿದ್ದ ಹುಡುಗರು ಮೊಬೈಲ್ ಬಿಟ್ಟು ಬಂದು ನಿಂತು ನೋಡಿದರು. "ಆಂಟಿ ಕೈ ನೋಡ್ರೋ ಮಗಾ" ಅಂದ ಒಬ್ಬ. ಕೇಳಿಸದವಳ ಹಾಗೆ ಇದ್ದೆ, ಕೇಳಿಸಿತ್ತು. ಸೈಕಲ್ಲಿನ ಹಿಂದಿನ ಕವೆಯನ್ನು ಅಗಲ ಮಾಡಿಸಿ, ಹೊಸ ರಿಮ್ಮಿಗೆ ಕಡ್ಡಿ ಕಟ್ಟಿಸಿ, ಚಕ್ರ ಕೂರಿಸಿ, ನಮ್ಮ ರಸ್ತೆಯ ಸಪಾಟಿನಲ್ಲಿ, ಪೆಟ್ಟಿಗೆಯಿಲ್ಲದೆ, ನಾನೇ ಎರಡು ಸುತ್ತು ಹೊಡೆದೆ. ಬೆಣ್ಣೆ! ಹಿಡಿ ತಿರುಗಿಸಿದರೆ ಸದ್ದಿಲ್ಲದೆ, ಕುಲುಕದೆ, ಕಾಲು ತಾನೇ ಹಗುರವಾಗುತ್ತಿತ್ತು.

ಗುರುವಾರ ಬೆಳಗ್ಗೆ ರೊಟ್ಟಿ ಆಂಟಿ ಪೆಟ್ಟಿಗೆ ತುಂಬ ರೊಟ್ಟಿ ಹೊತ್ತು ಏರಿಗೆ ಹೊರಟಳು. ನಾನು ಹಿಂದೆಯೇ ನಡೆದೆ. ಕಾಲು ಭಾಗ ಏರಿದಳು. ಅಷ್ಟರಲ್ಲಿ ಪೆಡಲ್ ಸುಮ್ಮನೆ ಗರಗರ ತಿರುಗಿತು, ಚಕ್ರ ತಿರುಗಲಿಲ್ಲ. ಸೈಕಲ್ ನಿಂತು, ಹಿಂದಕ್ಕೆ ಜಾರಿ, ಪಕ್ಕಕ್ಕೆ ವಾಲಿ ಬಿತ್ತು. ಪೆಟ್ಟಿಗೆಯ ಮುಚ್ಚಳ ಹಾರಿ ಖಡಕ್ ರೊಟ್ಟಿ ಪಟಪಟ ಮುರಿದು ರಸ್ತೆಯ ತುಂಬ ಹರಡಿದವು. ಊಟ ಡೆಲಿವರಿ ಮಾಡುವ ಇಬ್ಬರು ಹುಡುಗರು ಬೈಕ್ ನಿಲ್ಲಿಸಿ ಓಡಿ ಬಂದು ಆಕೆಯನ್ನು ಎಬ್ಬಿಸಿದರು. "ಆಂಟಿ, ಚೈನ್ ಕಟ್ಟಾಯ್ತಾ?" ಅಂತ ಒಬ್ಬ ಕೇಳಿದ.

ಇಲ್ಲಿ ನಾನು ಮಾಡಿದ್ದನ್ನು ಹೇಳಲೇಬೇಕು. ಮಂಡಿಗೆ ಪೆಟ್ಟಾಯಿತೇ ಅಂತ ಕೇಳಲಿಲ್ಲ. "ನೆಟ್ಟಗೆ ತುಳಿಯೋಕೂ ಬರಲ್ವೇನೇ ನಿಂಗೆ? ಹಿಡಿ ಯಾವ ಕಡೆ ತಿರುಗಿಸ್ದೆ?" ಅಂತ ರಸ್ತೆಯಲ್ಲೇ ಕೂಗಾಡಿದೆ. ಎಲ್ಲರ ಎದುರಿಗೆ. ಆಕೆ ಮುರಿದ ರೊಟ್ಟಿಗಳನ್ನು ಸೆರಗಿಗೆ ಆರಿಸಿಕೊಂಡಳು. ಮೆಸ್ಸಿನವನಿಗೂ ನನಗೂ ಏನು ವ್ಯತ್ಯಾಸ ಅಂತ ನನಗೆ ಹೊಳೆದದ್ದು ಮನೆಗೆ ಬಂದು ಕೈ ತೊಳೆಯುವಾಗ.

ಮಧ್ಯಾಹ್ನ ಮೂರು ಮಹಡಿ ಹತ್ತಿ ಹೋದೆ. ಆಕೆ ನಾಳೆಯ ಹಿಟ್ಟು ಜರಡಿ ಹಿಡಿಯುತ್ತಿದ್ದಳು. "ತಪ್ಪು ನಂದೇ ಕಣೇ. ನೀನು ಸರಿಯಾಗೇ ತುಳಿದೆ. ನನ್ನ ಕೆಲಸದಲ್ಲೇ ಏನೋ ಎಡವಟ್ಟಾಗಿದೆ" ಅಂದೆ. ಇಷ್ಟು ಹೇಳಲು ನನಗೆ ಆ ಮೂರು ಮಹಡಿಗಿಂತ ಹೆಚ್ಚು ಉಸಿರು ಬೇಕಾಯಿತು.

ಆಕೆ ನಕ್ಕಳು. "ಮೆಸ್ಸಿನವ ಏಳ ವರ್ಷದಾಗ ಒಮ್ಮೆನೂ ಹಿಂಗ ಅನ್ನಲಿಲ್ಲ ನೋಡ್ರಿ." ಆಮೇಲೆ ಜರಡಿ ಕೆಳಗಿಟ್ಟು ಕೇಳಿದಳು: "ಅಕ್ಕಾರ, ಒಂದ ಮಾತ ಹೇಳ್ಲ್ಯಾ? ಅದರೊಳಗ ಎಣ್ಣಿ ಭಾಳ ಹಾಕೀರೇನು? ಕೈಗೆ ಎಣ್ಣಿ ಹಚ್ಚಿಕೊಂಡು ಉಂಡಿ ಹಿಡದ್ರ ಉಂಡಿ ಉರುಳಂಗಿಲ್ರಿ, ಜಾರತೈತಿ."

ಕಪಾಳಕ್ಕೆ ಹೊಡೆದ ಹಾಗಾಯಿತು. ಅಲ್ಲಿಂದಲೇ ಮೇಸ್ತ್ರಿಗೆ ಫೋನ್ ಮಾಡಿದೆ. ಅವರಿಗೀಗ ಎಂಬತ್ತು ದಾಟಿದೆ, ಬಸವೇಶ್ವರನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ಕಿವಿ ಮಂದ, ಬಾಯಿ ಮೊದಲಿನ ಹಾಗೇ. ನಾನು ಹೇಳಿ ಮುಗಿಸುವ ಮೊದಲೇ ಶುರು ಮಾಡಿದರು.

"ಸ್ಪಿಂಡಲ್ ಆಯಿಲ್ ಹಾಕಿದ್ಯಾ? ಹಲ್ಲಿಲ್ಲದ ಗೇರಿಗೆ? ನಿನ್ನ ತಲೆಗಷ್ಟು! ಆ ಕಾಗದದಲ್ಲಿ ಬರೆದಿತ್ತಮ್ಮಾ, ಅದರ ಎಣ್ಣೇನೇ ಬೇರೆ. ತಟ್ಟೆ ಗುಂಡನ್ನ ಒತ್ತಿದ ಜಾಗದಲ್ಲಿ ಆ ಎಣ್ಣೆ ಒಂದು ಕ್ಷಣ ಗಟ್ಟಿಯಾಗುತ್ತೆ, ಗಾಜಿನ ಹಾಗೆ. ಅದೇ ಹಿಡ್ಕೊಂಡು ತಿರುಗಿಸೋದು. ಒತ್ತಡ ಹೋದ ತಕ್ಷಣ ಮತ್ತೆ ನೀರು. ಇನ್ನು ನೀನು ಹಾಕಿದ್ದು ಜಾರೋದಕ್ಕೇ ಹುಟ್ಟಿದ ಎಣ್ಣೆ!"

"ಎಲ್ಲಿ ಸಿಗುತ್ತೆ ಆ ಎಣ್ಣೆ?"

"ಇಲ್ಲೆಲ್ಲೂ ನಾನು ಕಂಡಿಲ್ಲ. ಹಳೇದು ಎಲ್ಲಿ? ಚೆಲ್ಲಿಲ್ಲ ತಾನೇ?"

ಫೋನ್ ಕೈಯಲ್ಲೇ ಹಿಡಿದುಕೊಂಡು ಮೂರು ಮಹಡಿ ಇಳಿದು ಮನೆಗೆ ಓಡಿದೆ. ಕಿಟಕಿಯ ಮೇಲೆ ಬಾಟಲಿ ಇಲ್ಲ! "ಉಪ್ಪಿನಕಾಯಿ ಬಾಟಲಿ ಎಲ್ರೀ?" ಅಂತ ಕಿರುಚಿದೆ. ಪೇಪರ್ ಓದುತ್ತಿದ್ದ ನಮ್ಮ ಮನೆಯವರು ತಲೆ ಎತ್ತದೆ, "ಕೊಳಕು ನೀರಿತ್ತಲ್ಲ, ಅದಾ? ಮೆಟ್ಟಿಲ ಕೆಳಗಿಟ್ಟಿದೀನಿ, ರದ್ದಿಯವನಿಗೆ" ಅಂದರು. ಇತ್ತು. ಹಳೇ ಪೇಪರಿನ ಕಟ್ಟಿನ ಪಕ್ಕ, ಚೀಟಿ ಸಮೇತ, ಒಂದು ಹನಿಯೂ ಕಡಿಮೆಯಾಗದೆ ಇತ್ತು. ನಮ್ಮ ಮನೆಯವರಿಗೆ ಅವತ್ತು ಬೈಯಲಿಲ್ಲ, ಅವರೇ ಗಾಬರಿಯಾದರು.

ನನ್ನ ಕಸುಬಿನ ಒಂದು ಅಭ್ಯಾಸ ಕೆಡಿಸಿದ್ದನ್ನು ಅದೇ ಕಸುಬಿನ ಇನ್ನೊಂದು ಅಭ್ಯಾಸ ಉಳಿಸಿತ್ತು. ಶುಕ್ರವಾರ ಪೂರ್ತಿ ಎಲ್ಲವನ್ನೂ ಮತ್ತೆ ಬಿಚ್ಚಿ, ಸ್ಪಿಂಡಲ್ ಆಯಿಲ್ಲಿನ ಪಸೆ ಹೋಗುವವರೆಗೆ ಪೆಟ್ರೋಲಿನಲ್ಲಿ ಮೂರು ಸಲ ತೊಳೆದು, ತಾರಸಿಯ ಬಿಸಿಲಿನಲ್ಲಿ ಹಪ್ಪಳದ ಹಾಗೆ ಹರವಿ ಒಣಗಿಸಿದೆ. ಕಾಗೆ ಬಂದು ಗುಂಡು ಹೊತ್ತೊಯ್ಯದಿರಲಿ ಅಂತ ಪಕ್ಕದಲ್ಲೇ ಕೊಡೆ ಹಿಡಿದು ಕೂತೆ. ಶನಿವಾರ ಹಳೇ ಎಣ್ಣೆಯನ್ನು ನಾಲ್ಕು ಮಡಿಕೆ ಪಂಚೆಯಲ್ಲಿ ಸೋಸಿ, ಬಾಟಲಿ ತಲೆಕೆಳಗು ಮಾಡಿ ಕೊನೆಯ ಹನಿ ಇಳಿಯುವವರೆಗೆ ಕಾದು, ಹಬ್ ಮುಚ್ಚಿದೆ. ಬೆರಳಲ್ಲಿ ಮುಟ್ಟಿದರೆ ಆ ಎಣ್ಣೆಗೆ ಏನೂ ವಿಶೇಷ ಇರಲಿಲ್ಲ. ನೋಡಿದರೂ ಗೊತ್ತಾಗದು, ಮುಟ್ಟಿದರೂ ಗೊತ್ತಾಗದು.

ಭಾನುವಾರ ಬೆಳಗ್ಗೆ ಏಳಕ್ಕೆ ಏರಿನ ಬುಡದಲ್ಲಿ ನಿಂತೆವು. ಆಕೆಗೆ ಹೆದರಿಕೆ ಇರಲಿಲ್ಲವಾ ಅಂದರೆ ಇತ್ತು. ಪೆಟ್ಟಿಗೆಯನ್ನು ಎರಡು ಸಲ ಹೆಚ್ಚಿಗೆ ಕಟ್ಟಿದ್ದಳು. "ಬೀಳ್ತೀನಿ ಅನ್ನಿಸಿದ್ರೆ ಇಳಿದ್ಬಿಡೇ. ನಾನೇನೂ ಅನ್ನಲ್ಲ" ಅಂದೆ.

"ನೀವು ಮುಂದ ಹೋಗಿ ಮ್ಯಾಲೆ ನಿಂದರ್ರಿ ಅಕ್ಕಾರ. ಹಿಂದ ಬಂದ್ರ ನನಗ ಅಂಜಿಕಿ ಬರ್ತೈತಿ."

ಹೋಗಿ ಮೇಲೆ ನಿಂತೆ. ಆಕೆ ಹಿಡಿ ತಿರುಗಿಸಿ ಗೆರೆಯನ್ನು ಗುಡ್ಡ ಮಾಡಿಕೊಂಡು ಹೊರಟಳು. ನಿಧಾನ, ನಡೆಯುವವರಿಗಿಂತ ಸ್ವಲ್ಪವೇ ಜೋರು. ಗುರುವಾರ ಬಿದ್ದ ಜಾಗ ಬಂತು, ದಾಟಿತು. ಬೆನ್ನು ನೆಟ್ಟಗೆ, ಕಾಲು ಸಲೀಸಾಗಿ ತಿರುಗುತ್ತಿತ್ತು. ಸೀಟಿನಿಂದ ಎದ್ದಿರಲಿಲ್ಲ. ಸರಿಯಾಗಿ ಏರಿನ ಮಧ್ಯದಲ್ಲಿ, ಎಲ್ಲಕ್ಕಿಂತ ಕಡಿದಾದ ಜಾಗದಲ್ಲಿ, ಈ ಮಹಾತಾಯಿ ಬ್ರೇಕ್ ಹಾಕಿ ನಿಂತೇಬಿಟ್ಟಳು! ನನ್ನ ಬಾಯಿಂದ "ಅಯ್ಯೋ, ಯಾಕೇ?" ಅಂತ ಬಂತು.

ಯಾಕೆ ಅಂದರೆ ಅಲ್ಲೊಂದು ಗೇಟಿತ್ತು, ಆ ಮನೆಯವರಿಗೆ ಹತ್ತು ರೊಟ್ಟಿ ಕೊಡಬೇಕಿತ್ತು. "ರೊಟ್ಟೀ!" ಅಂತ ಕೂಗಿ, ಒಂದು ಕಾಲು ಊರಿ, ಪೆಟ್ಟಿಗೆ ತೆರೆದು ಕೊಟ್ಟಳು. ಆ ಮನೆಯಾಕೆಯ ಜೊತೆ ಎರಡು ಮಾತೂ ಆಡಿದಳು. ಆಮೇಲೆ ನಿಂತಲ್ಲೇ ಹಿಡಿಯನ್ನು ಇನ್ನೊಂದು ಚೂರು ತಿರುಗಿಸಿ ಪೆಡಲ್ ಮೇಲೆ ಕಾಲಿಟ್ಟಳು. ಸೈಕಲ್ ಹಿಂದಕ್ಕೆ ಒಂದಂಗುಲವೂ ಜಾರಲಿಲ್ಲ. ಹೊರಟಿತು. ನಾನು ಕತ್ತರಿಸಿದ ಇಪ್ಪತ್ತು ಹಲ್ಲಿನ ಚಕ್ರ ಬಿಸಿಲಿಗೆ ಹೊಳೆಯುತ್ತ, ಚೈನನ್ನು ಒಂದೊಂದಾಗಿ ಹಿಡಿದು ಬಿಡುತ್ತ, ನನ್ನ ಕಡೆಗೇ ಹತ್ತಿ ಬಂತು. ನನ್ನ ಕೈಯಿಂದ ಹೋದ ಅಷ್ಟೂ ಗೇರುಗಳಲ್ಲಿ, ಕೆಲಸ ಮಾಡುವುದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ. ಹೆಮ್ಮೆಯಿಂದ ಅತ್ತೆ. ನಾಚಿಕೆಪಡುವಂಥದ್ದೇನಿಲ್ಲ ಅದರಲ್ಲಿ.

ಮೇಲೆ ನಿಂತಿದ್ದ ಡೆಲಿವರಿ ಹುಡುಗರಲ್ಲಿ ಗುರುವಾರ ಬಂದಿದ್ದವನೂ ಒಬ್ಬನಿದ್ದ. "ಸೂಪರ್ ಆಂಟಿ! ಯಾವ ಕಂಪನಿ ಗೇರಿದು?" ಅಂದ.

"ನಮ್ಮ ಅಕ್ಕಾರದು" ಅಂದಳು ರೊಟ್ಟಿ ಆಂಟಿ, ನನ್ನ ಕಡೆ ಗದ್ದ ಎತ್ತಿ.

ಹಬ್ ನಾನು ಮಾಡಿದ್ದಲ್ಲ, ಬರೀ ಬಿಚ್ಚಿ ಜೋಡಿಸಿದ್ದು, ಅದೂ ಎರಡು ಸಲ. ಹೇಳಬೇಕಿತ್ತು, ಹೇಳಲಿಲ್ಲ. ಅಷ್ಟರಲ್ಲಿ ಆಕೆ ಸೈಕಲ್ಲನ್ನು ನನ್ನ ಕೈಗೆ ಕೊಟ್ಟು, ಸೆರಗಲ್ಲಿ ಮುಖ ಒರೆಸಿಕೊಂಡು, ಫೋನ್ ತೆಗೆದು ಮೆಸ್ಸಿನವನಿಗೆ ಹಚ್ಚಿದಳು. ಏರು ಹತ್ತಿ ಬಂದವಳ ದನಿಯಲ್ಲಿ ಏದುಸಿರು ಇರಲಿಲ್ಲ.

"ಅಡಗಿ ಕೆಲಸಕ್ಕ ಬರಂಗಿಲ್ರಿ ನಾನು," ಅಂದಳು. "ರೊಟ್ಟಿ ಬೇಕಿದ್ರ ಹೇಳ್ರಿ. ನಿಮ್ಮ ಮೆಸ್ಸಿಗೆ ನಾನ ತಂದ ಕೊಡ್ತೀನಿ."